ಗಿರಿಶಿಖರಗಳ ಕೃತಕ ನಕ್ಷತ್ರಗಳೂ ಅವುಗಳ ಛಾಯಾಚಿತ್ರಗಳೂ

ಪರ್ವತಾಗ್ರಗಳಲ್ಲಿ ಸ್ಥಾಪಿತವಾಗಿರುವ ದೊಡ್ಡ ವೇಧಶಾಲೆಗಳ ರಾತ್ರಿಯ ಛಾಯಾಚಿತ್ರಗಳು ಈಚಿನ ವರ್ಷಗಳಲ್ಲಿ ಪುಸ್ತಕಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಹೇರಳವಾಗಿ ಅಚ್ಚಾಗುತ್ತಿರುವುವು. ಅವುಗಳೊಳಗೆ ಒಂದು ಬಗೆಯ ಚಿತ್ರ ಎಂತಹ ವಾಚಕನನ್ನೂ ತಡೆದು ನಿಲ್ಲಿಸತಕ್ಕದ್ದಾಗಿದೆ. ಕೆಳಗೆ ದೂರದರ್ಶಕವನ್ನೊಳಗೊಂಡ ಕಟ್ಟಡ, ಮೇಲೆ ಆಕಾಶಗಂಗೆ, ಕಟ್ಟಡದ ತೆರೆದ ಬಾಯಿಂದ ಹೊರಟು ಆಕಾಶಗಂಗೆಯ ನಡುವಿಗೆ ನೆಟ್ಟಂತಿರುವ ಕಿತ್ತಳೆ ಮಿಶ್ರವಾದ ಹಳದಿಯ ಬೆಳಕಿನ ಕೋಲು. ಇದನ್ನು ಕಂಡು ಕೆಲವರು ಯಾವುದೋ ಆಯುಧವೆಂದೂ, ಕೆಲವರು ಲೋಕಾಂತರಗಳಿಗೆ ಸಂಜ್ಞೆ ಕಳುಹಿಸುವ ಏರ್ಪಾಡೆಂದೂ, ಮತ್ತೆ ಕೆಲವರು ಚಿತ್ರಕ್ಕೆ ಆಮೇಲೆ ಸೇರಿಸಿದ ಗೆರೆಯೆಂದೂ ತಿಳಿಯುವುದುಂಟು. ಮೂರೂ ಸರಿಯಲ್ಲ. ಅದು ಲೇಸರ್ ಎಂಬ ಯಂತ್ರದಿಂದ ಹೊರಟ ನಿಜವಾದ ಬೆಳಕು. ಅದರ ಪ್ರಯೋಜನ ಭೂಮಿಯ ವಾಯುಮಂಡಲದೊಳಗೇ ಮುಗಿದುಹೋಗುವುದು. ಇದರಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ಚಿತ್ರದಲ್ಲಿ ಕಣ್ಣನ್ನು ಸೆಳೆಯುವ ಆ ಕೋಲು ಖಗೋಳಜ್ಞನಿಗೆ ಬೇಕಾದ ವಸ್ತುವೇ ಅಲ್ಲ. ಅವನಿಗೆ ಬೇಕಾದದ್ದು ಆ ಕೋಲಿನ ತುದಿಯಾಚೆ, ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ, ಬರಿಗಣ್ಣಿಗೆ ಕಾಣದಂತೆ ಹೊಳೆಯುತ್ತಿರುವ ಒಂದು ಚುಕ್ಕೆ ಮಾತ್ರ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯವರಿಗೆ ಈ ಭೇದವನ್ನು ತಿಳಿಯಹೇಳುವುದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ರಾತ್ರಿ ಇಳಿಯುವ ಮೋಟಾರು ಗಾಡಿಯ ದೀಪಗಳು, ಮಂಜಿಲ್ಲದ ದಿನ, ರಸ್ತೆಯ ಮೇಲೆ ಬಿದ್ದ ಬೆಳಕಾಗಿ ಮಾತ್ರ ತೋರುವುವು. ದೀಪಕ್ಕೂ ರಸ್ತೆಗೂ ನಡುವೆ ಏನೂ ಕಾಣುವುದಿಲ್ಲ. ಮಂಜು ಕವಿದ ದಿನವಾದರೋ ಅದೇ ದೀಪಗಳಿಂದ ಎರಡು ಬಿಳಿಯ ತೊಲೆಗಳು ಹೊರಟಂತೆ ಕಾಣುವುದು. ಬೆಳಕಿನ ಧಾರೆ ಪಕ್ಕದಲ್ಲಿ ನಿಂತವನಿಗೆ ತಾನಾಗಿ ಕಾಣುವುದಲ್ಲ; ದಾರಿಯಲ್ಲಿ ಅಡ್ಡ ಬಂದ ಕಣಗಳಿಗೆ ತಾಗಿ ಚೆದರಿ ಅವನ ಕಣ್ಣಿಗೆ ಬಂದಷ್ಟೇ ಅವನಿಗೆ ಗೋಚರ. ಹಾಗೆ ತೊಲೆಯಾಗಿ ಕಂಡ ಬೆಳಕು ರಸ್ತೆಯನ್ನು ತೋರಿಸುವುದಕ್ಕೆ ಉಪಯೋಗವಾಗದೆ ನಷ್ಟವಾದ ಬೆಳಕು. ವೇಧಶಾಲೆಯ ಚಿತ್ರದಲ್ಲಿರುವ ಕೋಲೂ ಇದೇ ಜಾತಿಯದು. ಅಲ್ಲಿ ಮಂಜಿಲ್ಲ, ಗಾಳಿಯ ಅಣುಗಳೇ ಮಂಜಿನ ಕೆಲಸವನ್ನು ಅತ್ಯಲ್ಪ ಪ್ರಮಾಣದಲ್ಲಿ ಮಾಡುವುವು.

ಇಷ್ಟು ಬೆಳಕನ್ನು ಆಕಾಶಕ್ಕೆ ಬಿಡುವುದು ಏತಕ್ಕೆ? ಕತ್ತಲೆಯನ್ನು ಅರಸಿ ಬೆಟ್ಟವೇರಿದವರು ತಾವೇ ದೀಪ ಹಚ್ಚುವುದು ಮೇಲುನೋಟಕ್ಕೆ ವಿರೋಧವಾಗಿ ತೋರುವುದಷ್ಟೆ. ಇದರ ಕಾರಣ ನಕ್ಷತ್ರಗಳ ಮಿನುಗುವಿಕೆಯಲ್ಲಿದೆ. ನಕ್ಷತ್ರದ ಬೆಳಕು ವರ್ಷಾಂತರಗಳ ದಾರಿಯನ್ನು ಕ್ಷೋಭೆಯಿಲ್ಲದೆ ಕ್ರಮಿಸಿ ಬಂದು, ಕಡೆಯ ಕೆಲವು ಕಿಲೋಮೀಟರುಗಳಲ್ಲಿ ಕೆಡುವುದು. ಬಿಸಿಯ ಗಾಳಿಯೂ ತಣ್ಣನೆಯ ಗಾಳಿಯೂ ಕಲಸಿಕೊಳ್ಳುವಲ್ಲಿ ಬೆಳಕಿನ ಕಿರಣಗಳು ಕ್ಷಣಕ್ಕೊಂದು ಬಗೆಯಾಗಿ ಬಾಗುವುವು. ಬೇಸಿಗೆಯ ಮಧ್ಯಾಹ್ನ ಕಾಫಿ ಕಣದ ಕಾದ ನೆಲದ ಮೇಲೆ ಆಚೆಯ ಮರಗಳು ಅಲುಗಾಡಿದಂತೆ ತೋರುವುದಕ್ಕೂ ಇದೇ ಕಾರಣ. ಇದರಿಂದ ದೂರದರ್ಶಕದಲ್ಲಿ ಬಿಂದುವಾಗಿ ಕಾಣಬೇಕಾದ ನಕ್ಷತ್ರ ಸುಮಾರು ಒಂದು ವಿಕಲೆಯಷ್ಟು ಅಗಲಕ್ಕೆ ಹರಡಿಹೋಗುವುದು. ಒಂದು ವಿಕಲೆಯೆಂದರೆ ಒಂದು ಕಾಫಿ ಬೀಜವನ್ನು ಎರಡು ಕಿಲೋಮೀಟರ್ ದೂರದಿಂದ ನೋಡಿದಾಗ ತೋರುವ ಗಾತ್ರ. ಇದು ಸಣ್ಣದೆಂದು ತೋರಬಹುದು. ಆದರೆ ಹತ್ತು ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕಕ್ಕೆ, ಅವರಕ್ತ ಕಿರಣಗಳಲ್ಲಿ, ಅದೇ ಬೀಜವನ್ನು ಮೂವತ್ತೇಳು ಕಿಲೋಮೀಟರ್ ದೂರದಿಂದ ಗುರುತಿಸುವ ಶಕ್ತಿಯಿದೆ. ಮುಳ್ಳಯ್ಯನಗಿರಿಯ ತುದಿಯಿಂದ ಮೂಡಿಗೆರೆಗಿರುವ ನೇರದೂರಕ್ಕಿಂತಲೂ ಇದು ಹೆಚ್ಚು. ಅಷ್ಟು ದೊಡ್ಡ ಕನ್ನಡಿಯನ್ನು ಕಟ್ಟಿಯೂ ಗಾಳಿಯ ಕದಡಿಕೆಯಿಂದ ಅಂಗೈಯಗಲದ ಕನ್ನಡಿಯ ಸೂಕ್ಷ್ಮತೆಗಿಂತ ಹೆಚ್ಚಿನದು ದೊರೆಯದೆ ಹೋದರೆ, ಬೆಳಕು ಹೆಚ್ಚು ಬಂದಿತೆಂಬುದೊಂದೇ ಲಾಭ.

ಈ ಕಷ್ಟವನ್ನು ನ್ಯೂಟನ್ ಮಹಾಶಯನು ಬಲ್ಲವನಾಗಿದ್ದನು. ೧೭೦೪ರಲ್ಲಿ ಪ್ರಕಟವಾದ ತನ್ನ ದೃಗ್ವಿಜ್ಞಾನ ಗ್ರಂಥದಲ್ಲಿ ಅವನು, ದೂರದರ್ಶಕವನ್ನು ಎಷ್ಟು ಚೆನ್ನಾಗಿ ರಚಿಸಿದರೂ ವಾಯುವಿನ ನಡುಕವನ್ನು ಕಳೆಯುವುದಕ್ಕಾಗದೆಂದೂ, ಎತ್ತರವಾದ ಪರ್ವತಗಳ ಮೇಲೆ ದೊರೆಯಬಹುದಾದ ನಿಶ್ಚಲವಾದ ಗಾಳಿಯೊಂದೇ ಇದಕ್ಕೆ ಪರಿಹಾರವೆಂದೂ ಅಭಿಪ್ರಾಯಪಟ್ಟನು. ವೇಧಶಾಲೆಗಳು ಬೆಟ್ಟಗಳನ್ನು ಹತ್ತಿದ್ದು ಬಹುಮಟ್ಟಿಗೆ ಈ ಮಾತಿನಂತೆಯೇ. ಬೆಟ್ಟ ಹತ್ತಿದರೂ ಗಾಳಿ ಪೂರ್ತಿಯಾಗಿ ಕೆಳಗುಳಿಯುವುದಿಲ್ಲ. ಹವಾಯಿ ದ್ವೀಪದ ಮೌನಾಕೀ ಶಿಖರ ೪,೨೦೫ ಮೀಟರ್ ಎತ್ತರವಾದದ್ದು. ಅಲ್ಲಿಯೂ ವಾಯುಮಂಡಲದ ನೂರರಲ್ಲಿ ಅರುವತ್ತು ಪಾಲು ತಲೆಯ ಮೇಲೆಯೇ ಇರುವುದು. ೧೯೫೩ರಲ್ಲಿ ಅಮೆರಿಕದ ಖಗೋಳಜ್ಞ ಹೊರೇಸ್ ಬ್ಯಾಬ್‌ಕಾಕ್ ಎಂಬವನು ಬೇರೊಂದು ಉಪಾಯವನ್ನು ಸೂಚಿಸಿದನು. ಗಾಳಿ ಕಿರಣಗಳನ್ನು ಎಷ್ಟು ಬಾಗಿಸಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಅಳೆದು, ಒಂದು ಕನ್ನಡಿಯ ಮೈಯನ್ನು ಅದಕ್ಕೆ ವಿರುದ್ಧವಾಗಿ ಅಷ್ಟೇ ಬಾಗಿಸಿದರೆ, ಕೆಟ್ಟ ಬಿಂಬ ತಿರುಗಿ ನೆಟ್ಟಗಾಗಬೇಕು. ಸೊಟ್ಟ ಕಾಲಿಗೆ ತಕ್ಕಂತೆ ಎಕ್ಕಡವನ್ನು ಹೊಲಿಯುವ ನ್ಯಾಯವಿದು; ಭೇದವೆಂದರೆ, ಈ ಕಾಲಿನ ಸೊಟ್ಟು ಒಂದು ಸೆಕೆಂಡಿನಲ್ಲಿ ನೂರಾರು ಸಲ ಬದಲಾಗುವುದು. ಆದಕಾರಣ ಬ್ಯಾಬ್‌ಕಾಕನ ಸೂಚನೆ ಕಾರ್ಯಕ್ಕೆ ಬರಲು ಶೀಘ್ರವಾಗಿ ಲೆಕ್ಕಮಾಡುವ ಯಂತ್ರಗಳು ಹುಟ್ಟುವವರೆಗೂ ಕಾಯಬೇಕಾಯಿತು. ಈ ವಿಧಾನಕ್ಕೆ ಈಗ ಅಡಾಪ್ಟಿವ್ ಆಪ್ಟಿಕ್ಸ್ ಎಂದು ಹೆಸರು.

ಗಾಳಿ ಮಾಡಿದ ಕೇಡನ್ನು ಅಳೆಯುವುದಕ್ಕೆ, ಕೆಡುವ ಮೊದಲು ಹೇಗಿತ್ತೆಂಬುದು ನಿಶ್ಚಯವಾಗಿ ಗೊತ್ತಿರುವ ಒಂದು ಬೆಳಕು ಬೇಕು. ಪ್ರಕಾಶಮಾನವಾದ ನಕ್ಷತ್ರವೊಂದು ಇದಕ್ಕೆ ಸಾಕು. ಆದರೆ ಅದು ನೋಡಬೇಕಾದ ವಸ್ತುವಿನ ಮಗ್ಗುಲಲ್ಲಿಯೇ ಇರಬೇಕು. ಸ್ವಲ್ಪ ದೂರ ಸರಿದರೂ ಅದರ ಬೆಳಕು ಬೇರೆ ಗಾಳಿಯ ಮೂಲಕ ಬಂದದ್ದಾಗುವುದು. ಆಕಾಶದ ಬಹುಭಾಗದಲ್ಲಿ ಇಂಥ ಅನುಕೂಲ ನಕ್ಷತ್ರವಿಲ್ಲ. ಇಲ್ಲದ ಕಡೆ ಒಂದನ್ನು ಸೃಷ್ಟಿಸಿಕೊಳ್ಳಬಹುದೆಂಬ ಯೋಚನೆ ೧೯೮೨ರಲ್ಲಿ ವಿಲಿಯಂ ಹ್ಯಾಪರ್ ಎಂಬ ಭೌತಶಾಸ್ತ್ರಜ್ಞನಿಗೆ ಹೊಳೆಯಿತು. ಅವನು ಅಮೆರಿಕದ ರಕ್ಷಣಾ ಇಲಾಖೆಗಾಗಿ ಕೆಲಸ ಮಾಡುತ್ತಿದ್ದನಾದುದರಿಂದ ಅದು ಗುಪ್ತವಾಗಿಯೇ ಉಳಿಯಿತು. ಇದನ್ನರಿಯದೆ ಫ್ರಾನ್ಸಿನ ಫೋಯ್ ಮತ್ತು ಲಾಬೇರೀ ಎಂಬ ಇಬ್ಬರು ೧೯೮೫ರಲ್ಲಿ ಅದೇ ಉಪಾಯವನ್ನು ಬಹಿರಂಗವಾಗಿ ಪ್ರಕಟಿಸಿದರು. ೧೯೮೭ರಲ್ಲಿ ಲೇರ್ಡ್ ಥಾಂಪ್ಸನ್, ಚೆಸ್ಟರ್ ಗಾರ್ಡ್‌ನರ್ ಇವರು ಮೌನಾಕೀಯ ಮೇಲೆ ಲೇಸರನ್ನು ಹಾರಿಸಿ, ಅದರಿಂದುಂಟಾದ ಚುಕ್ಕೆಯ ಬಿಂಬವನ್ನು ಹಿಡಿದು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಕೃತಕ ನಕ್ಷತ್ರದ ಚಿತ್ರಗ್ರಹಣದ ಚರಿತ್ರೆಯಲ್ಲಿ ಇದನ್ನು ಮೊದಲ ಮೆಟ್ಟಿಲುಗಳಲ್ಲೊಂದೆಂದು ಎಣಿಸಬೇಕು. ಅದು ಸೊಗಸಿಗಾಗಿ ತೆಗೆದ ಚಿತ್ರವಲ್ಲ. ಚುಕ್ಕೆ ಹುಟ್ಟಿತೇ ಇಲ್ಲವೇ, ಹುಟ್ಟಿದರೆ ಎಷ್ಟು ಅಗಲ ಎಂಬ ಪ್ರಶ್ನೆಗೆ ಸಾಕ್ಷ್ಯ. ಗುಪ್ತ ಸಂಶೋಧನೆಗಳು ಬೆಳಕಿಗೆ ಬಂದದ್ದು ೧೯೯೧ರಲ್ಲಿ.

ಈ ಚುಕ್ಕೆ ಯಾವುದರಿಂದಾಗುವುದೆಂಬುದು ಇಡೀ ವಿಷಯದಲ್ಲಿ ಅತ್ಯಂತ ರಮ್ಯವಾದ ಭಾಗ. ಆಕಾಶದಿಂದ ಬೀಳುವ ಉಲ್ಕೆಗಳು ಗಾಳಿಯ ತಾಕಲಾಟಕ್ಕೆ ಕಾದು ಆವಿಯಾಗುವಾಗ, ಅವುಗಳಲ್ಲಿರುವ ಸೋಡಿಯಂ ಎಂಬ ಧಾತು ಬಿಡಿ ಅಣುಗಳಾಗಿ ಎಂಬತ್ತರಿಂದ ನೂರೈದು ಕಿಲೋಮೀಟರ್ ಎತ್ತರದೊಳಗೆ ಒಂದು ತೆಳುವಾದ ಪದರವಾಗಿ ನಿಂತಿದೆ. ಅಡುಗೆಯ ಉಪ್ಪಿನಲ್ಲಿರುವ ಧಾತುವೇ ಇದು. ಭೂಮಂಡಲವನ್ನೆಲ್ಲಾ ಸುತ್ತುವರಿದಿರುವ ಈ ಪದರದ ಸೋಡಿಯಮನ್ನು ಒಟ್ಟುಗೂಡಿಸಿದರೆ ತೂಕ ಒಂದು ಟನ್ನಿನ ಆಸುಪಾಸಿನಲ್ಲಿ ನಿಲ್ಲುವುದು. ಅಂದರೆ ಐವತ್ತು ಕಿಲೋಗ್ರಾಮಿನ ಕಾಫಿ ಮೂಟೆಗಳು ಇಪ್ಪತ್ತು. ಇಷ್ಟು ವಿರಳವಾದ ವಸ್ತುವೂ ತನಗೆ ಸಹಜವಾದ ೫೮೯ ನ್ಯಾನೋಮೀಟರ್ ತರಂಗದ ಹಳದಿಯ ಬೆಳಕು ತಾಗಿದೊಡನೆ ಅದನ್ನು ಹೀರಿ, ಅದೇ ಬಣ್ಣದಲ್ಲಿ ಸುತ್ತಲೂ ಹೊರಚೆಲ್ಲುವುದು. ಲೇಸರನ್ನು ಸರಿಯಾಗಿ ಆ ಬಣ್ಣಕ್ಕೆ ಶ್ರುತಿಮಾಡಿ ಮೇಲಕ್ಕೆ ಬಿಟ್ಟರೆ, ಪದರದಲ್ಲಿ ಅದು ತಾಗಿದೆಡೆ ನಕ್ಷತ್ರದಂತೆ ಹೊಳೆಯುವುದು. ಆ ಹೊಳಪು ಕೆಳಗಿನ ಗಾಳಿಯನ್ನೆಲ್ಲಾ ಹಾದು ದೂರದರ್ಶಕಕ್ಕೆ ಬಂದು ಸೇರುವುದು. ಹೋಗಿ ಬರುವುದಕ್ಕೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲೂ ಹಿಡಿಯುವುದಿಲ್ಲ. ಚುಕ್ಕೆಯ ಕಾಂತಿ ಸಾಮಾನ್ಯವಾಗಿ ಏಳರಿಂದ ಒಂಬತ್ತನೆಯ ವರ್ಗದ ನಕ್ಷತ್ರದಷ್ಟು. ಬರಿಗಣ್ಣಿನ ಎಲ್ಲೆ ಆರನೆಯ ವರ್ಗದ ಬಳಿ ಮುಗಿಯುವುದರಿಂದ, ವೇಧಶಾಲೆಯ ಅಂಗಳದಲ್ಲಿ ನಿಂತವನಿಗೂ ಅದು ಕಾಣದು.

ದೂರದಲ್ಲಿ ದೀಪವಿಟ್ಟು, ಅದರ ಬೆಳಕಿನಿಂದ ಅಳತೆ ಮಾಡುವ ಪದ್ಧತಿ ಕನ್ನಡನಾಡಿನ ಬೆಟ್ಟಗಳಿಗೆ ತೀರ ಹೊಸದೇನಲ್ಲ. ೧೮೦೨ರಲ್ಲಿ ಮದರಾಸಿನಲ್ಲಿ ಪ್ರಾರಂಭವಾಗಿ ಮೈಸೂರು ಸೀಮೆಯ ಮೂಲಕ ಪಶ್ಚಿಮ ಸಮುದ್ರದವರೆಗೆ ನಡೆದ ಲ್ಯಾಂಬ್ಟನ್ ಎಂಬವನ ತ್ರಿಕೋನ ಮೋಜಣಿಯಲ್ಲಿ ಶಿಖರದಿಂದ ಶಿಖರಕ್ಕೆ ಗುರಿಯಿಟ್ಟು ಕೋನಗಳನ್ನಳೆಯಬೇಕಾಗಿತ್ತು; ಆ ಮೋಜಣಿಯ ಮುಂದಿನ ದಿನಗಳಲ್ಲಿ ಹಗಲಿನ ಮಬ್ಬನ್ನು ತಪ್ಪಿಸಿಕೊಳ್ಳಲು ರಾತ್ರಿ ದೀಪಗಳನ್ನು ಉಪಯೋಗಿಸಿದ್ದುಂಟು. ಕಿರಣಗಳನ್ನು ಗಾಳಿ ಬಾಗಿಸುವುದೆಂಬ ತೊಡಕು ಅವರಿಗೂ ತಪ್ಪಲಿಲ್ಲ. ಈಗ ದೀಪವಿಡುವ ಸ್ಥಳ ಬೆಟ್ಟದ ತುದಿಯಿಂದ ಉಲ್ಕೆಗಳ ಬೂದಿಗೆ ಏರಿದೆ.

ಕೃತಕ ನಕ್ಷತ್ರಕ್ಕೆ ದೋಷಗಳೂ ಉಂಟು. ನಿಜವಾದ ನಕ್ಷತ್ರ ಅನಂತ ದೂರದಲ್ಲಿರುವುದರಿಂದ ಅದರ ಕಿರಣಗಳು ಸಮಾನಾಂತರವಾಗಿ ಬಂದು ಕನ್ನಡಿಯ ಮೇಲಿರುವ ಗಾಳಿಯ ಇಡೀ ಕಂಬವನ್ನು ಹಾಯುವುವು. ತೊಂಬತ್ತು ಕಿಲೋಮೀಟರಿನಲ್ಲಿರುವ ಚುಕ್ಕೆಯ ಕಿರಣಗಳಾದರೋ ಶಂಕುವಿನ ಆಕಾರದಲ್ಲಿ ಇಳಿಯುವುವು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಅವು ಕಂಬದ ಅಗಲದ ಒಂಬತ್ತು ಪಾಲಿನಲ್ಲಿ ಎಂಟನ್ನು ಮಾತ್ರ ತಾಗುವುವು. ಉಳಿದ ಅಂಚಿನ ಗಾಳಿ ಅಳತೆಗೆ ಸಿಕ್ಕುವುದಿಲ್ಲ. ಇದನ್ನು ತುಂಬಿಕೊಳ್ಳುವುದಕ್ಕೂ, ಸರಿಯಾಗಿ ಕಾಣುವ ಕ್ಷೇತ್ರವನ್ನು ಹಿಗ್ಗಿಸುವುದಕ್ಕೂ ಒಂದರ ಬದಲು ಹಲವು ಚುಕ್ಕೆಗಳನ್ನು ಹೊತ್ತಿಸುವರು. ಚಿಲಿ ದೇಶದ ಸೆರೊ ಪಚೋನ್ ಬೆಟ್ಟದ ಜೆಮಿನಿ ದೂರದರ್ಶಕದಲ್ಲಿ ೨೦೧೧ರಲ್ಲಿ ಐದು ಚುಕ್ಕೆಗಳು ಒಟ್ಟಿಗೆ ಬೆಳಗಿದುವು; ಅದೇ ದೇಶದ ಪರನಾಲ್ ಬೆಟ್ಟದ ಯೇಪುನ್ ಎಂಬ ದೂರದರ್ಶಕದಿಂದ ೨೦೧೬ರ ಏಪ್ರಿಲಿನಲ್ಲಿ ನಾಲ್ಕು ಲೇಸರುಗಳು ಹೊರಟುವು. ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮ. ಲೇಸರ್ ಮೇಲೆ ಹೋಗುವಾಗ ಗಾಳಿ ಅದನ್ನು ಒಟ್ಟಾಗಿ ಎಡಕ್ಕೆ ತಳ್ಳಿದರೆ, ಬರುವಾಗ ಅದೇ ಗಾಳಿ ಬೆಳಕನ್ನು ತಿರುಗಿ ತಂದಲ್ಲಿಗೇ ತರುವುದಾದುದರಿಂದ, ಒಟ್ಟು ತಳ್ಳುವಿಕೆ ಎಷ್ಟೆಂಬುದು ಗೊತ್ತಾಗುವುದೇ ಇಲ್ಲ. ಅದಕ್ಕಾಗಿ ಎಲ್ಲಿಯಾದರೂ ಹತ್ತಿರದಲ್ಲಿ ಒಂದು ನಿಜವಾದ ನಕ್ಷತ್ರ, ಮಂದವಾದದ್ದಾದರೂ, ಬೇಕೇ ಬೇಕು. ಮನುಷ್ಯನ ನಕ್ಷತ್ರ ವಿಧಾತನ ನಕ್ಷತ್ರವನ್ನು ಪೂರ್ತಿಯಾಗಿ ಬಿಡಿಸಲಿಲ್ಲ.

ಇನ್ನು ಛಾಯಾಚಿತ್ರದ ವಿಚಾರ. ನೋಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಈ ಕೋಲು ಆಕಾಶದ ನಡುವೆ ಕಡಿದಿಟ್ಟಂತೆ ನಿಲ್ಲುವುದೇಕೆ ಎಂಬುದು. ಬೆಳಕು ಅಲ್ಲಿ ನಿಲ್ಲುವುದಿಲ್ಲ. ವಾಯುಮಂಡಲದ ನೂರರಲ್ಲಿ ತೊಂಬತ್ತಕ್ಕೂ ಮೀರಿದ ಪಾಲು ಇಪ್ಪತ್ತು ಕಿಲೋಮೀಟರಿನ ಕೆಳಗಿರುವುದರಿಂದ, ಅಲ್ಲಿಂದ ಮೇಲೆ ಬೆಳಕನ್ನು ಚೆದರಿಸುವ ಅಣುಗಳು ಸಾಲದೆ ಕೋಲು ಅದೃಶ್ಯವಾಗುವುದು. ಅನಂತರ ಎಪ್ಪತ್ತು ಕಿಲೋಮೀಟರುಗಳಷ್ಟು ಕತ್ತಲೆಯ ದಾರಿಯನ್ನು ಕಳೆದು ಸೋಡಿಯಂ ಪದರದಲ್ಲಿ ಬೆಳಕು ಮತ್ತೆ ಪ್ರಕಟವಾಗುವುದು. ಹಾಗಾದರೆ ಚಿತ್ರದಲ್ಲಿ ಕೋಲಿಗೂ ಚುಕ್ಕೆಗೂ ನಡುವೆ ದೊಡ್ಡ ತೆರಪು ತೋರಬೇಡವೇ? ತೋರದಿರುವುದಕ್ಕೆ ದೃಷ್ಟಿಯ ನಿಯಮವೇ ಕಾರಣ. ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ, ಬೆಳಕಿನ ಧಾರೆಯೂ ದೂರ ಹೋದಷ್ಟೂ ಒಂದು ಬಿಂದುವಿನ ಕಡೆಗೆ ಮುದುಡುವುದು. ಲೇಸರಿಗೆ ನೂರು ಮೀಟರ್ ದೂರದಲ್ಲಿ ಕ್ಯಾಮರಾ ಇಟ್ಟಿದೆಯೆಂದೂ, ಲೇಸರ್ ನೆಟ್ಟಗೆ ಮೇಲಕ್ಕೆ ಹೊರಟಿದೆಯೆಂದೂ ಭಾವಿಸಿದರೆ, ಇಪ್ಪತ್ತು ಕಿಲೋಮೀಟರ್ ಎತ್ತರದ ಬೆಳಕು ಖಮಧ್ಯದಿಂದ ಹದಿನೇಳು ಕಲೆಗಳಷ್ಟು ಓರೆಯಾಗಿಯೂ, ಚುಕ್ಕೆ ಸುಮಾರು ನಾಲ್ಕು ಕಲೆಗಳಷ್ಟು ಓರೆಯಾಗಿಯೂ ಕಾಣುವುವು. ಎಪ್ಪತ್ತು ಕಿಲೋಮೀಟರಿನ ದಾರಿಯೆಲ್ಲಾ ಹದಿಮೂರು ಕಲೆಗಳಲ್ಲಿ, ಅಂದರೆ ಚಂದ್ರಬಿಂಬದ ಅರ್ಧಕ್ಕಿಂತ ಕಡಿಮೆ ಅಗಲದಲ್ಲಿ, ಅಡಗಿಹೋಯಿತು. ಅರ್ಧ ಆಕಾಶವನ್ನು ಒಳಗೊಳ್ಳುವ ಅಗಲದ ಮಸೂರದ ಚಿತ್ರದಲ್ಲಿ ಇದು ಗಮನಕ್ಕೆ ಬರುವಂಥದಲ್ಲ. ಉದ್ದವಾದ ಮಸೂರದಿಂದ ಆ ತುದಿಯನ್ನೇ ಗುರಿಯಿಟ್ಟು ತೆಗೆದ ಚಿತ್ರಗಳಲ್ಲಿ ಮಾತ್ರ ಮಂಕಾಗುವ ಕೋಲು, ತೆರಪು, ಆಮೇಲೆ ಒಂಟಿ ಚುಕ್ಕೆ ಎಂಬ ಮೂರೂ ಬಿಡಿಯಾಗಿ ಕಾಣುವುವು. ಈ ವಿಷಯದಲ್ಲಿ ಹೆಚ್ಚು ತಿಳಿವಳಿಕೆ ಕೊಡುವ ಚಿತ್ರಗಳು ಇವೇ. ಆದರೂ ಪತ್ರಿಕೆಗಳ ಮುಖಪುಟಕ್ಕೆ ಬರುವ ಭಾಗ್ಯ ಇವಕ್ಕಿಲ್ಲ.

ಕೋಲಿನ ಕಾಂತಿಯೂ ಚಿತ್ರದಲ್ಲಿ ಇದ್ದುದಕ್ಕಿಂತ ಮಿಗಿಲಾಗಿ ತೋರುವುದು. ಯೇಪುನ್ ದೂರದರ್ಶಕದ ಒಂದೊಂದು ಲೇಸರಿನ ಬಲ ೨೨ ವ್ಯಾಟುಗಳು. ಅದನ್ನು ೩೦ ಸೆಂಟಿಮೀಟರ್ ಅಗಲದ ಧಾರೆಯಾಗಿ ಹರಡಿ ಬಿಡುವರು. ಅಷ್ಟೇ ಅಗಲದ ಜಾಗದ ಮೇಲೆ ನಡುಹಗಲಿನ ಬಿಸಿಲು ಸುರಿಯುವ ಶಕ್ತಿ ಇದರ ಮೂರರಷ್ಟು. ಹಾಗೆಂದು ಧಾರೆಗೆ ಕಣ್ಣಿಡುವುದು ಕ್ಷೇಮವಲ್ಲ. ಅದಕ್ಕಾಗಿಯೇ ವಿಮಾನ ಬರುವ ಸೂಚನೆಯಾದೊಡನೆ ಲೇಸರನ್ನು ಮುಚ್ಚುವ ಏರ್ಪಾಡು ವೇಧಶಾಲೆಗಳಲ್ಲಿದೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಹತ್ತಿರದಿಂದ ಕಾಣುವುದು ಮಂಕಾದ ಒಂದು ಎಳೆ. ಕ್ಯಾಮರಾ ಹದಿನೈದು, ಇಪ್ಪತ್ತು, ಮೂವತ್ತು ಸೆಕೆಂಡುಗಳ ಬೆಳಕನ್ನು ಒಟ್ಟುಗೂಡಿಸಿ ತೋರಿಸುವುದರಿಂದ ಎಳೆ ಕತ್ತಿಯಾಗುವುದು. ಇದನ್ನು ಸುಳ್ಳೆನ್ನುವುದು ಅನ್ಯಾಯ. ಆಕಾಶಗಂಗೆಯೂ ಅದೇ ಪ್ರಮಾಣದಲ್ಲಿ ಉಜ್ಜ್ವಲವಾಗಿರುವುದಲ್ಲವೇ? ಚಿತ್ರಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂಬುದನ್ನು ಕೆಳಗೆ ಬರೆದಿಟ್ಟರೆ ಛಾಯಾಗ್ರಾಹಕನ ಹೊಣೆ ತೀರಿತು.

ಎಷ್ಟು ಹೊತ್ತು ತೆರೆದಿಡಬೇಕೆಂಬುದರಲ್ಲಿಯೇ ಈ ಕಲೆಯ ಕಷ್ಟವಿದೆ. ಆಕಾಶ ಇಪ್ಪತ್ತು ಸೆಕೆಂಡುಗಳಲ್ಲಿ ಐದು ಕಲೆ, ಅಂದರೆ ಚಂದ್ರಬಿಂಬದ ಆರನೆಯ ಒಂದು ಪಾಲು, ತಿರುಗುವುದು. ಅದಕ್ಕಿಂತ ಹೆಚ್ಚು ಹೊತ್ತಾದರೆ ನಕ್ಷತ್ರಗಳು ಗೀರುಗಳಾಗುವುವು. ಕ್ಯಾಮರಾವನ್ನು ಆಕಾಶದ ಸಂಗಡ ತಿರುಗಿಸುವ ಯಂತ್ರದ ಮೇಲಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗಿಯೇ ಉಳಿಯುವುವು, ಕಟ್ಟಡ ಮಸಕಾಗುವುದು. ಲೇಸರಿನ ನಡತೆ ಇವೆರಡಕ್ಕೂ ಬೇರೆ. ಅದರ ಬುಡ ಕಟ್ಟಡದಲ್ಲಿ ನೆಲೆನಿಂತಿದೆ. ತುದಿ ದೂರದರ್ಶಕ ನೋಡುತ್ತಿರುವ ವಸ್ತುವನ್ನು ಹಿಂಬಾಲಿಸುತ್ತಿದೆ. ಆದಕಾರಣ ಒಂದು ಗಂಟೆ ತೆರೆದಿಟ್ಟ ಚಿತ್ರದಲ್ಲಿ ಕೋಲು ಬೀಸಣಿಗೆಯಂತೆ ಹರಡುವುದು. ಬಿಡಿ ಚಿತ್ರಗಳನ್ನು ಒಂದಾದಮೇಲೊಂದು ತೆಗೆದು ಆಮೇಲೆ ಜೋಡಿಸುವ ಪದ್ಧತಿ ಇದರಿಂದಲೇ ಬಳಕೆಗೆ ಬಂದಿದೆ. ಯೂರಿ ಬೆಲೆಟ್‌ಸ್ಕಿ ೨೦೧೦ರ ಆಗಸ್ಟಿನಲ್ಲಿ ಪರನಾಲಿನಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಯೇಪುನ್ನಿನ ಆಗಿನ ಒಂಟಿ ಲೇಸರ್ ಆಕಾಶಗಂಗೆಯ ಕೇಂದ್ರವನ್ನು ನಾಟಿರುವುದು. ಚೆಲುವಿಗಾಗಿ ಆರಿಸಿದ ದಿಕ್ಕಲ್ಲ ಅದು. ಆ ಕೇಂದ್ರದಲ್ಲಿ ಅಡಗಿರುವ ಅತಿಭಾರದ ವಸ್ತುವನ್ನು ಸುತ್ತುವ ನಕ್ಷತ್ರಗಳನ್ನು ಪರನಾಲಿನಿಂದಲೂ ಮೌನಾಕೀಯ ಕೆಕ್ ದೂರದರ್ಶಕಗಳಿಂದಲೂ ವರ್ಷಗಟ್ಟಲೆ ಅಳೆದ ಫಲವಾಗಿ ೨೦೨೦ರಲ್ಲಿ ರೈನ್‌ಹಾರ್ಡ್ ಗೆಂಜೆಲ್, ಆಂಡ್ರಿಯಾ ಗೆಜ್ ಇವರಿಗೆ ನೊಬೆಲ್ ಬಹುಮಾನದ ಪಾಲು ಬಂದಿತು.

ವೇಧಶಾಲೆಯ ಅಂಗಳದಲ್ಲಿ ಚಿತ್ರಗ್ರಾಹಕ ಅತಿಥಿ ಮಾತ್ರ. ಅವನು ಬಿಳಿಯ ಟಾರ್ಚನ್ನು ಹೊತ್ತಿಸಕೂಡದು. ಕೆಂಪು ದೀಪದ ಮಂದಪ್ರಕಾಶದಲ್ಲಿಯೇ ಕೆಲಸ ಸಾಗಬೇಕು. ಮೌನಾಕೀಯಂತಹ ಶಿಖರದಲ್ಲಿ ಒಂದು ದೂರದರ್ಶಕದ ಲೇಸರು ಇನ್ನೊಂದರ ನೋಟಕ್ಕೆ ಅಡ್ಡಬರದಂತೆಯೂ ನಿಯಮಗಳುಂಟು. ಮೋಡ ದಟ್ಟವಾದರೆ ಲೇಸರನ್ನು ಹಾರಿಸುವುದೇ ಇಲ್ಲ. ಎಲ್ಲಾ ಲೇಸರುಗಳೂ ಹಳದಿಯವೆಂದು ಭಾವಿಸಬಾರದು. ಸೋಡಿಯಮಿನ ಗೊಡವೆಗೆ ಹೋಗದೆ, ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಗಾಳಿಯಿಂದ ಚೆದರಿದ ಬೆಳಕನ್ನೇ ನಕ್ಷತ್ರವಾಗಿ ಇಟ್ಟುಕೊಳ್ಳುವ ಇನ್ನೊಂದು ಬಗೆಯೂ ಇದೆ. ಅಲ್ಲಿ ನಷ್ಟವೇ ಲಾಭ. ಪುಣೆಯ ಐಯೂಕಾ ಸಂಸ್ಥೆಯೂ ಕ್ಯಾಲಿಫೋರ್ನಿಯದ ಕ್ಯಾಲ್ಟೆಕ್ ಸಂಸ್ಥೆಯೂ ಕೂಡಿ ರಚಿಸಿ ಪಾಲೊಮಾರ್ ಬೆಟ್ಟದಲ್ಲಿ ನಡೆಸಿದ ರೋಬೋ-ಎಒ ಎಂಬ ಸಲಕರಣೆ ಈ ಜಾತಿಯದು. ಅದರ ಲೇಸರು ೩೫೫ ನ್ಯಾನೋಮೀಟರಿನ ಅತಿನೇರಳೆ ಬೆಳಕು. ಹಳದಿಗಿಂತ ಅದು ಗಾಳಿಯಲ್ಲಿ ಏಳೂವರೆ ಪಟ್ಟು ಹೆಚ್ಚಾಗಿ ಚೆದರುವುದು. ಆದರೂ ಮನುಷ್ಯನ ಕಣ್ಣಿಗೆ ಕಾಣದು. ಕ್ಯಾಮರಾದೊಳಗೆ ಅತಿನೇರಳೆಯನ್ನು ತಡೆಯುವ ಗಾಜನ್ನು ತೆಗೆದಿಟ್ಟು ಚಿತ್ರ ಹಿಡಿದರೆ, ಅಂಗಳದಲ್ಲಿ ನಿಂತವರು ಯಾರೂ ಕಾಣದ ಕಂಬ ಚಿತ್ರದಲ್ಲಿ ಮೂಡುವುದು.

ಇಂತಹ ದೂರದರ್ಶಕ ಕಾಫಿಸೀಮೆಯ ಬೆಟ್ಟಗಳಲ್ಲಿ ಏಕಿಲ್ಲವೆಂಬ ಪ್ರಶ್ನೆ ಸಹಜವಾದದ್ದು. ಮುಳ್ಳಯ್ಯನಗಿರಿ ಸುಮಾರು ೧,೯೩೦ ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರವಾದುದಿಲ್ಲ. ವಾಯುಮಂಡಲದ ಐದನೆಯ ಒಂದು ಪಾಲು ಅದರ ಕೆಳಗುಳಿಯುವುದು. ಸ್ಥಾನದ ಅನುಕೂಲವೂ ಉಂಟು: ಆಕಾಶಗಂಗೆಯ ಕೇಂದ್ರ ಮೌನಾಕೀಯಿಂದ ದಿಗಂತದ ಮೇಲೆ ೪೧ ಅಂಶಗಳಿಗಿಂತ ಹೆಚ್ಚು ಏರದು, ಚಿಕ್ಕಮಗಳೂರಿನ ಬೆಟ್ಟಗಳಿಂದ ಅದು ೪೮ ಅಂಶಗಳವರೆಗೆ ಏರುವುದು. ಆದರೆ ಅದು ರಾತ್ರಿಯೆಲ್ಲಾ ಕಾಣತಕ್ಕ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ಬೆಟ್ಟಗಳು ಮುಂಗಾರಿನ ಮೋಡದೊಳಗೆ ಮುಳುಗಿರುವುವು. ಪರನಾಲಿನ ಕೆಳಗೆ ಮರುಭೂಮಿಯಿದೆ, ಮೌನಾಕೀಯ ಮೋಡಗಳು ಬಹುಕಾಲ ಶಿಖರಕ್ಕಿಂತ ಕೆಳಗೆ ನಿಲ್ಲುವುವು. ಸಹ್ಯಾದ್ರಿಯ ಅಂಚಾದರೋ ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಮೊದಲ ತಡೆ. ಆ ಗಾಳಿ ಬೆಟ್ಟದ ಮೈಯನ್ನು ಹತ್ತುವಾಗ ತಣಿದು ಮಂಜಾಗುವುದು, ಕದಡುವುದು. ಕಾಫಿಗೆ ಹಿತವಾದ ಹವೆಯೇ ದೂರದರ್ಶಕಕ್ಕೆ ಅಹಿತವೆಂದರೆ ತಪ್ಪಾಗಲಾರದು.

ಹೀಗಿದ್ದರೂ ಡಿಸೆಂಬರಿನಿಂದ ಏಪ್ರಿಲಿನವರೆಗಿನ ಆಕಾಶ ಚಿತ್ರಗ್ರಾಹಕನಿಗೆ ಉದಾರವಾದದ್ದು. ಫೆಬ್ರವರಿ ಕಳೆದ ಮೇಲೆ ಧನುರಾಶಿ ಬೆಳಗಿನ ಜಾವ ಮೂಡುವುದು. ಹೂಮಳೆ ಬಿದ್ದು ಗಾಳಿಯ ಧೂಳಡಗಿದ ಮರುದಿನಗಳಲ್ಲಿ, ತೋಟಗಳು ಬೆಳ್ಳಗೆ ಹೂ ತಳೆದಿರುವಾಗ, ಆಕಾಶಗಂಗೆಯ ನಡುಭಾಗ ಕಳಸದ ಕಡೆಯ ಬೆಟ್ಟಸಾಲುಗಳ ಮೇಲೆ ಸ್ಪಷ್ಟವಾಗಿ ನಿಲ್ಲುವುದು. ಮಸೂರದ ಮೇಲೆ ಇಬ್ಬನಿ ಕೂರದಂತೆ ಅದನ್ನು ಕೊಂಚ ಬೆಚ್ಚಗಿಡುವುದೊಂದು ಎಚ್ಚರಿಕೆ ಬೇಕು. ಲೇಸರಿಲ್ಲದ ಈ ಬೆಟ್ಟಗಳಲ್ಲಿ ಆಕಾಶಕ್ಕೆ ಏರುವ ಬೆಳಕೆಂದರೆ ಪಟ್ಟಣದ ಮತ್ತು ವಸತಿಗೃಹಗಳ ದೀಪಗಳದು. ಹಿಂದಿನ ಬೀದಿಯ ಸೋಡಿಯಂ ದೀಪಗಳು ಕೃತಕ ನಕ್ಷತ್ರದ ಬಣ್ಣದವೇ ಆಗಿದ್ದುವು. ಒಂದೇ ಬಣ್ಣದ ಬೆಳಕನ್ನು ಸೋಸಿ ತೆಗೆಯುವುದು ಸುಲಭವಾದುದರಿಂದ, ಲಿಕ್ ವೇಧಶಾಲೆಗೆ ಹತ್ತಿರದ ಸಾನ್ ಹೊಸೆ ನಗರದವರು ಅಂತಹ ದೀಪಗಳನ್ನೇ ಬಹುಕಾಲ ಆರಿಸಿಕೊಂಡಿದ್ದರು. ಈಗ ಎಲ್ಲೆಡೆಯೂ ಬಂದಿರುವ ಬಿಳಿಯ ಎಲ್‌ಇಡಿ ದೀಪಗಳ ನೀಲಿಯ ಅಂಶ ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಚೆದರುವುದು. ದೀಪದ ಮೇಲೊಂದು ಮುಚ್ಚಳ, ಬೆಳಕು ಕೆಳಕ್ಕೆ ಬೀಳುವಂತೆ, ಇಟ್ಟರೆ ಅರ್ಧ ಕೇಡು ಕಳೆಯುವುದು. ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಮನಸ್ಸು ಮಾತ್ರ ಬೇಕು.

ಕನ್ನಡನಾಡಿಗೂ ಈ ವಿದ್ಯೆಗೂ ಇರುವ ಸಂಬಂಧ ಬೆಟ್ಟಗಳ ಮೂಲಕವಲ್ಲ, ಬೆಂಗಳೂರಿನ ಮೂಲಕ. ೧೮೯೯ರಲ್ಲಿ ಸ್ಥಾಪಿತವಾದ ಕೊಡೈಕನಾಲ್ ವೇಧಶಾಲೆಯಿಂದ ಬೆಳೆದು ೧೯೭೧ರಲ್ಲಿ ಸ್ವತಂತ್ರವಾದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರ ಬೆಂಗಳೂರಿನ ಕೋರಮಂಗಲದಲ್ಲಿದೆ. ಅದರ ದೊಡ್ಡ ದೂರದರ್ಶಕಗಳು ಕರ್ನಾಟಕದ ಹೊರಗಿರುವುವು: ಒಂದು ಕಡೆ ತಮಿಳುನಾಡಿನ ಜವಾದಿ ಬೆಟ್ಟಗಳ ಕವಲೂರು, ಇನ್ನೊಂದು ಕಡೆ ಲಡಾಖಿನ ಹಾನ್ಲೆ. ಕವಲೂರಿನ ೧.೩ ಮೀಟರ್ ದೂರದರ್ಶಕದಲ್ಲಿ ಬಿಂಬದ ಒಟ್ಟು ಅಲುಗಾಟವನ್ನು ಕ್ಷಣಕ್ಷಣಕ್ಕೂ ತಿದ್ದುವ ಸಲಕರಣೆಯನ್ನು ಸಂಸ್ಥೆಯವರು ಪರೀಕ್ಷಿಸಿರುವರು. ಮೇಲೆ ವಿವರಿಸಿದ ವಿಧಾನದ ಮೊದಲ ಹೆಜ್ಜೆಯೇ ಅದು. ಹಾನ್ಲೆಯ ಎತ್ತರ ಸುಮಾರು ೪,೫೦೦ ಮೀಟರ್. ಅಲ್ಲಿಯ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ಬೆಂಗಳೂರಿಗೆ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಸುವರು. ಆ ಪ್ರದೇಶವನ್ನು ೨೦೨೨ರ ಡಿಸೆಂಬರಿನಲ್ಲಿ ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಪ್ರಕಟಿಸಲಾಯಿತು.

ಹೊಸಕೋಟೆಯಲ್ಲಿಯೇ ಮತ್ತೊಂದು ಕಾರ್ಯಕ್ಕೂ ಅಡಿಪಾಯ ಬಿದ್ದಿದೆ. ಮೂವತ್ತು ಮೀಟರ್ ವ್ಯಾಸದ, ೪೯೨ ತುಂಡುಗಳಿಂದ ಜೋಡಿಸತಕ್ಕ ಕನ್ನಡಿಯ ದೂರದರ್ಶಕವೊಂದನ್ನು ಹಲವು ದೇಶಗಳು ಕೂಡಿ ಕಟ್ಟಲು ಯೋಚಿಸಿದುವು. ಭಾರತ ಸರ್ಕಾರ ೨೦೧೪ರಲ್ಲಿ ಅದಕ್ಕೆ ಪಾಲುದಾರನಾಗಲು ಒಪ್ಪಿತು. ೧.೪೪ ಮೀಟರ್ ಅಗಲದ ಆ ತುಂಡುಗಳಲ್ಲಿ ಎಂಬತ್ತಕ್ಕೂ ಮೇಲ್ಪಟ್ಟವನ್ನು ನಯಗೊಳಿಸುವ ಕೆಲಸ ಭಾರತದ ಪಾಲಿಗೆ ಬಂದಿತು, ಅದಕ್ಕಾಗಿ ಹೊಸಕೋಟೆಯಲ್ಲಿ ಕಾರ್ಯಾಗಾರವೇರ್ಪಟ್ಟಿತು. ಸೋಡಿಯಂ ಪದರದಲ್ಲಿ ಆರು ಕೃತಕ ನಕ್ಷತ್ರಗಳನ್ನು ಹೊತ್ತಿಸಿ ಆ ಮಹಾಕನ್ನಡಿಯ ಬಿಂಬವನ್ನು ತಿದ್ದಬೇಕೆಂಬುದು ಯೋಜನೆ. ಸ್ಥಳವಾಗಿ ಆರಿಸಿದ್ದು ಮೌನಾಕೀ. ಆದರೆ ಅದು ಹವಾಯಿಯ ಮೂಲನಿವಾಸಿಗಳಿಗೆ ಪವಿತ್ರವಾದ ಪರ್ವತ. ಮುಳ್ಳಯ್ಯನಗಿರಿಯ ತುದಿಯ ಗುಡಿಗೆ ಬರಿಗಾಲಿನಲ್ಲಿ ಹತ್ತುವವರನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆಗಲೇ ಹತ್ತಕ್ಕೂ ಹೆಚ್ಚು ದೂರದರ್ಶಕಗಳನ್ನು ಹೊತ್ತಿದ್ದ ಶಿಖರದ ಮೇಲೆ ಇನ್ನೊಂದು, ಎಲ್ಲಕ್ಕಿಂತ ದೊಡ್ಡದು, ಬರುವುದೆಂದಾಗ ಅವರು ಅಡ್ಡನಿಂತರು. ೨೦೧೫ರ ಡಿಸೆಂಬರಿನಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ, ಅನುಮತಿ ಕೊಟ್ಟ ಕ್ರಮ ಸರಿಯಲ್ಲವೆಂದು ಅದನ್ನು ರದ್ದುಮಾಡಿತು. ೨೦೧೮ರಲ್ಲಿ ಹೊಸದಾಗಿ ಕೊಟ್ಟ ಅನುಮತಿಯನ್ನು ಎತ್ತಿಹಿಡಿಯಿತು. ೨೦೧೯ರ ಜುಲೈಯಲ್ಲಿ ಕೆಲಸ ಪ್ರಾರಂಭವಾಗಬೇಕೆಂದಿರುವಾಗ ಹಿರಿಯರು ಬೆಟ್ಟದ ದಾರಿಯಲ್ಲಿಯೇ ಕುಳಿತರು; ಯಂತ್ರಗಳು ಮೇಲೆ ಹೋಗಲಿಲ್ಲ. ೨೦೨೨ರಲ್ಲಿ ಶಿಖರದ ಆಡಳಿತಕ್ಕಾಗಿ ಮೂಲನಿವಾಸಿಗಳ ಪ್ರತಿನಿಧಿಗಳೂ ಸೇರಿದ ಹೊಸ ಮಂಡಲಿಯನ್ನು ಕಾಯಿದೆಯ ಮೂಲಕ ರಚಿಸಲಾಯಿತು. ಬೇರೆ ಸ್ಥಳವಾಗಿ ಅಟ್ಲಾಂಟಿಕ್ ಸಾಗರದ ಲಾ ಪಾಲ್ಮಾ ದ್ವೀಪದ ಹೆಸರೂ ಬಂದಿದೆ; ಅಲ್ಲಿಯ ಶಿಖರ ಮೌನಾಕೀಗಿಂತ ಸುಮಾರು ಎರಡು ಸಾವಿರ ಮೀಟರ್ ತಗ್ಗು, ತಲೆಯ ಮೇಲೆ ಗಾಳಿ ಅಷ್ಟರಮಟ್ಟಿಗೆ ಹೆಚ್ಚು.